ಮೇಜಿನ ಮೇಲಿನ ಊರು, ಮೇಜಿನ ಕೆಳಗಿನ ಮನುಷ್ಯ

ಬೇರೆ ಯಾವ ಪತ್ರಿಕೆಯೂ ವರದಿ ಮಾಡದ ಒಂದು ಮಹತ್ವದ ಬೆಳವಣಿಗೆಯನ್ನು ಮೊದಲಿಗೇ ಓದುಗರ ಗಮನಕ್ಕೆ ತರಬೇಕಾಗಿದೆ. ಕಳೆದ ಮಂಗಳವಾರ ಬೆಳಗ್ಗೆ ಆರು ಗಂಟೆ ಆರು ನಿಮಿಷಕ್ಕೆ, ನಗರದ ಉತ್ತರ ಭಾಗದ ಒಂದು ಮನೆಯ ತಾರಸಿಯ ಮೇಲಿದ್ದ ಕಪ್ಪು ನೀರಿನ ಟ್ಯಾಂಕನ್ನು ಇದ್ದ ಜಾಗದಿಂದ ಒಂದು ನೂಲು ಪೂರ್ವಕ್ಕೆ ಸರಿಸಲಾಯಿತು. ಟ್ಯಾಂಕು ಕಡಲೆಕಾಳಿನಷ್ಟಿದೆ. ಸರಿಸಿದ್ದು ಚಿಮಟದಿಂದ. ಕಾರ್ಯಾಚರಣೆ ಹನ್ನೊಂದು ನಿಮಿಷ ನಡೆಯಿತು. ಪ್ರಾಣಹಾನಿ ಆಗಿಲ್ಲ.

ಸರಿಸಿದವರು ಇನ್ನೂ ಊರಿನ ನಡುಮಧ್ಯೆ ಎದೆಮಟ್ಟ ನಿಂತಿದ್ದಾರೆ. ಎಡಮೊಣಕೈ ಹತ್ತಿರ ಒಂದು ಶಾಲೆ, ಬೆನ್ನಿಗೆ ರೈಲು ನಿಲ್ದಾಣ, ಮೂಗಿನ ನೇರಕ್ಕೆ ಆಸ್ಪತ್ರೆಯ ಐದನೇ ಮಹಡಿ. ಹಾಲ್‌ನ ಎತ್ತರದ ಕಿಟಕಿಗಳಿಂದ ಇಳಿಯುವ ಬೆಳಕು ಈಗಷ್ಟೇ ಗಾಜಿನ ಕಟ್ಟಡಗಳ ನೆತ್ತಿ ಮುಟ್ಟಿದೆ. ಗಲ್ಲಿಗಳಿಗೆ ಬರಲು ಇನ್ನೂ ಹೊತ್ತಿದೆ. ಹಾಲ್‌ನಲ್ಲಿ ಈ ವರದಿಗಾರರನ್ನು ಬಿಟ್ಟರೆ ಇರುವುದು ಅವರೊಬ್ಬರೇ. ಆದರೂ ಯಾರೋ ಬಾಯಿ ಮುಕ್ಕಳಿಸುತ್ತಾರೆ. ಯಾವುದೋ ಮನೆಯ ಚಿಲಕ ಸರಿಯುತ್ತದೆ. ಒಂದು ಮಗು ಏಳರ ಮಗ್ಗಿ ಹೇಳುತ್ತಾ ಬಂದು, ಏಳೆಂಟ್ಲ ಐವತ್ನಾಲ್ಕು ಎಂದು ತಪ್ಪಿ, ಮತ್ತೆ ಏಳೊಂದ್ಲ ಏಳರಿಂದ ಶುರುಮಾಡುತ್ತದೆ.

"ಉಸಿರು ಮೆಲ್ಲಗೆ ಬಿಡಿ," ಎನ್ನುತ್ತಾರೆ ಊರಿನ ನಡುವೆ ನಿಂತವರು. "ಜೋರಾಗಿ ಬಿಟ್ರೆ ಬ್ಯಾಂಕ್ ಮುಂದಿನ ಸೈಕಲ್ ಬೀಳುತ್ತೆ. ಮೊನ್ನೆ ಒಬ್ರು ಸೀನಿಬಿಟ್ರು, ಅರ್ಧ ಮಾರ್ಕೆಟ್ಟೇ ಹೋಯ್ತು."

ಮಗ್ಗಿ ತಪ್ಪುವ ಮಗುವಿನ ಬಗ್ಗೆ ಕೇಳಿದರೆ ನಗುತ್ತಾರೆ. "ಆ ಹುಡುಗಿ ಈಗ ಹೈಸ್ಕೂಲಲ್ಲಿದ್ದಾಳೆ. ಲೆಕ್ಕದಲ್ಲಿ ಬಹಳ ಚುರುಕಂತೆ. ಇಲ್ಲಿ ಮಾತ್ರ ಇನ್ನೂ ಏಳೆಂಟ್ಲಲ್ಲೇ ಸಿಕ್ಕಾಕ್ಕೊಂಡಿದ್ದಾಳೆ."

ಇವರು ನೂಲಣ್ಣ. ಅಂಗುಲದ ಎಂಟನೇ ಒಂದು ಪಾಲಿಗೆ ಬಡಗಿಗಳ ಬಾಯಲ್ಲಿ ನೂಲು ಎಂದು ಹೆಸರು. ಇವರು ಮಾತೆತ್ತಿದರೆ ಒಂದು ನೂಲು ಹೆಚ್ಚು, ಅರ್ಧ ನೂಲು ಕಮ್ಮಿ ಅನ್ನುತ್ತಿದ್ದರಿಂದ, ತಂದೆತಾಯಿ ಇಟ್ಟ ಹೆಸರು ಕೆಲಸ ಕಲಿತ ಮೊದಲ ವರ್ಷದಲ್ಲೇ ಬಿದ್ದುಹೋಯಿತು. ವಯಸ್ಸು ಐವತ್ತಾರು. ಸಣಕಲು ದೇಹ, ಹಣೆಗೆ ಕಟ್ಟಿಕೊಂಡ ಪುಟ್ಟ ದೀಪ, ಮೂಗಿನ ಮೇಲೆ ಒಂದರ ಮೇಲೊಂದರಂತೆ ಎರಡು ಕನ್ನಡಕ. ಪ್ರದರ್ಶನದ ಕರಪತ್ರದಲ್ಲಿ ಕಲಾವಿದೆಯ ಹೆಸರಿದೆ, ಧ್ವನಿ ವಿನ್ಯಾಸ ಮಾಡಿದವರ ಹೆಸರಿದೆ, ಕುರ್ಚಿಗಳನ್ನು ಬಾಡಿಗೆಗೆ ಕೊಟ್ಟವರ ಹೆಸರೂ ಇದೆ. ನೂಲಣ್ಣನ ಹೆಸರು 'ಮತ್ತಿತರರು' ಎಂಬಲ್ಲಿ ಇದೆ.

ಪ್ರದರ್ಶನದ ಶೀರ್ಷಿಕೆ 'ಷರತ್ತುಗಳು ಅನ್ವಯಿಸುತ್ತವೆ'. ಹಳೆಯ ದೂರವಾಣಿ ಕೇಂದ್ರದ ದೊಡ್ಡ ಹಾಲ್‌ನಲ್ಲಿ ನಲವತ್ತೆಂಟು ಅಡಿ ಉದ್ದ, ಮೂವತ್ತು ಅಡಿ ಅಗಲದ ಒಂದು ಮೇಜು. ಅದರ ಮೇಲೆ ಇನ್ನೂರಕ್ಕೆ ಒಂದರ ಅಳತೆಯಲ್ಲಿ ಇದೇ ನಗರದ ಹಳೆಯ ಭಾಗ, ಮನೆಮನೆಯಾಗಿ. ಆರುನೂರ ನಲವತ್ತು ಮನೆಗಳ ಅಡಿಯಲ್ಲಿ ಪುಟಾಣಿ ಸ್ಪೀಕರುಗಳು. ಆಯಾ ಮನೆಗೇ ಹೋಗಿ ಒಂದೊಂದು ಇಡೀ ದಿನ ಮುದ್ರಿಸಿಕೊಂಡು ಬಂದ ಸದ್ದು ಅವುಗಳಲ್ಲಿ ತಿರುಗುತ್ತಲೇ ಇರುತ್ತದೆ. ಸುತ್ತಲಿನ ನಾಲ್ಕು ಗೋಡೆಗಳ ಮೇಲೆ ವಿಡಿಯೊ: ಉದ್ದನೆಯ ಸಭಾಕೊಠಡಿ, ಹದಿನಾಲ್ಕು ಖಾಲಿ ಕುರ್ಚಿ. ಯಾರೂ ಬರುವುದಿಲ್ಲ, ಯಾರೂ ಮಾತಾಡುವುದಿಲ್ಲ. ಆಗಾಗ ಒಂದು ಕುರ್ಚಿ ತಾನಾಗಿಯೇ ಸ್ವಲ್ಪ ಮೇಜಿನ ಕಡೆ ತಿರುಗುತ್ತದೆ.

"ಪಟ್ಟಿ ಉದ್ದ ಬಂದ ದಿನ ಜಾಸ್ತಿ ತಿರುಗುತ್ತೆ ಅನ್ಸುತ್ತೆ," ಎನ್ನುತ್ತಾರೆ ನೂಲಣ್ಣ. ಕೂಡಲೇ ತಿದ್ದಿಕೊಳ್ಳುತ್ತಾರೆ. "ಅನ್ಸೋದು ಅಷ್ಟೆ. ವಿಡಿಯೊ ಅದು."

ಪಟ್ಟಿ ಅಂದರೆ ಕಂಪನಿಯ ಪಟ್ಟಿ. ಈ ಊರಿನಲ್ಲಿ ಕಂಪನಿ ಎಂದರೆ ಯಾವ ಕಂಪನಿ ಎಂದು ಯಾರೂ ಕೇಳುವುದಿಲ್ಲ. ನಿನ್ನೆ ಯಾವ ಯಾವ ಮನೆ, ಅಂಗಡಿ, ಖಾಲಿ ಜಾಗ ತನ್ನದಾಯಿತು ಎಂಬುದನ್ನು ಕಂಪನಿ ದಿನವೂ ಬರೆದು ಕಳಿಸಬೇಕು. ಮೇಜಿನ ಮೇಲಿನ ಆ ಮನೆ ಮರುದಿನ ಹತ್ತು ಗಂಟೆಯೊಳಗೆ ಹೋಗಬೇಕು. ಇದು ಕಲಾವಿದೆ ಹಾಕಿದ ಷರತ್ತು. ಕಂಪನಿ ಒಪ್ಪಿತು. ಒಪ್ಪಿದ್ದಷ್ಟೇ ಅಲ್ಲ, ತನ್ನ ಬಲದ ವಿರುದ್ಧದ ಈ ಪ್ರದರ್ಶನಕ್ಕೆ ತಾನೇ ಪ್ರಾಯೋಜಕತ್ವವನ್ನೂ ವಹಿಸಿಕೊಂಡಿತು. ಬಾಗಿಲ ಬಳಿಯ ಫಲಕದಲ್ಲಿ ಕೃತಜ್ಞತೆಯ ಮೊದಲ ಸಾಲು ಅದಕ್ಕೇ ಮೀಸಲು.

ನೂಲಣ್ಣನ ಕೆಲಸ ಆ ಪಟ್ಟಿಯಂತೆ ಊರನ್ನು ತಿದ್ದುವುದು. ಬೆಳಗ್ಗೆ ಐದೂವರೆಗೆ ಬರುತ್ತಾರೆ. ಪ್ರದರ್ಶನದ ಉಸ್ತುವಾರಿ ಮೇಡಂ ಹಿಂದಿನ ಸಂಜೆಯೇ ಗೋಡೆಯ ಮೊಳೆಗೆ ಸಿಕ್ಕಿಸಿ ಹೋದ ಪಟ್ಟಿಯನ್ನು ನಿಂತಲ್ಲೇ ಎರಡು ಸಲ ಓದುತ್ತಾರೆ. ಆಮೇಲೆ ನಾಲ್ಕು ಗಾಲಿಯ ಹಲಗೆಯ ಮೇಲೆ ಅಂಗಾತ ಮಲಗಿ ಮೇಜಿನಡಿ ತೂರಿಕೊಳ್ಳುತ್ತಾರೆ. ಮೇಜಿನಲ್ಲಿ ಹದಿನಾರು ಕಿಂಡಿಗಳಿವೆ. ಕಿಂಡಿಯ ಮೇಲಿನ ಬಡಾವಣೆಯನ್ನು ಮುಚ್ಚಳದಂತೆ ಎತ್ತಿ ಪಕ್ಕಕ್ಕಿಟ್ಟು, ಊರಿನೊಳಗಿಂದ ತಲೆ ಎತ್ತುತ್ತಾರೆ. ಪಟ್ಟಿಯ ಮನೆಯ ಬಲ್ಬಿನ ತಂತಿ ಬಿಚ್ಚಿ, ಸ್ಪೀಕರ್ ಇದ್ದರೆ ಅದರ ತಂತಿಯನ್ನೂ ಬಿಚ್ಚಿ, ಮನೆಯನ್ನು ಚಿಮಟದಿಂದ ಎತ್ತಿ, ಅದೇ ಪಾಯದ ಮೇಲೆ ಬೂದುಬಣ್ಣದ ಗಾಜಿನ ತುಂಡು ಕೂರಿಸುತ್ತಾರೆ. ಹಾಲ್‌ನವರ ಬಾಯಲ್ಲಿ ಅದು 'ಬೂದಿ'. "ಇವತ್ತೆಷ್ಟು ಬೂದಿ?" ಎಂದು ಟಿಕೆಟ್ ಕೊಡುವವರು ಕೇಳುತ್ತಾರೆ. "ಏಳು," ಎನ್ನುತ್ತಾರೆ ನೂಲಣ್ಣ, ಹೋಟೆಲ್ಲಿನಲ್ಲಿ ಕಾಫಿ ಹೇಳಿದ ಹಾಗೆ.

ಮೇಜಿನ ಮೇಲೆ ಶುರುವಿನಲ್ಲಿ ಇದ್ದದ್ದು ಹನ್ನೊಂದು ಸಾವಿರದ ಆರುನೂರ ನಲವತ್ತು ಕಟ್ಟಡ. ಮೂರು ತಿಂಗಳಿಗೆಂದು ತೆರೆದ ಪ್ರದರ್ಶನ, ಮುಚ್ಚುವ ಧೈರ್ಯ ಯಾರಿಗೂ ಇಲ್ಲದೆ ಹತ್ತೊಂಬತ್ತನೇ ತಿಂಗಳಿಗೆ ಬಂದಿದೆ. ಇದುವರೆಗೆ ಸಾವಿರದ ಒಂಬೈನೂರ ಹನ್ನೆರಡು ಕಡೆ ಬೂದಿ ಬಿದ್ದಿದೆ. ಪ್ರತಿ ಬೂದಿಯಿಂದಲೂ ಹವಾನಿಯಂತ್ರಣ ಯಂತ್ರದ ಒಂದೇ ಶ್ರುತಿಯ ಗುಂಯ್ ಹೊರಡುತ್ತದೆ. ಬಿಚ್ಚಿದ ಮನೆಗಳು ದೂರವಾಣಿ ಕೇಂದ್ರದ ಹಳೆಯ ಮರದ ಗೂಡುಗಳಲ್ಲಿ ಚೀಟಿ ಅಂಟಿಸಿಕೊಂಡು ಸಾಲಾಗಿ ಕೂತಿವೆ.

"ಮೊದಮೊದಲು ಕಿವಿಗೆ ಹತ್ತಿ ಇಟ್ಕೊಂಡು ಕೆಲಸ ಮಾಡ್ತಿದ್ದೆ. ಒಬ್ರು ಬೈಯೋದು, ಇನ್ನೊಬ್ರು ಪಾತ್ರೆ ತೊಳಿಯೋದು, ಮತ್ಯಾರೋ ಗೊರಕೆ. ಗಲಾಟೆ ತಡಿಯೋಕಾಗ್ತಿರಲಿಲ್ಲ," ಎನ್ನುತ್ತಾರೆ. "ಈಗ ಹತ್ತಿ ಬೇಡ."

ಈ ಕೈ ಪಳಗಿದ್ದು ಬೇರೆ ಕಡೆ. ಇಪ್ಪತ್ತೆರಡು ವರ್ಷ ನೂಲಣ್ಣ ಬಿಲ್ಡರುಗಳಿಗೆ ಮಾದರಿ ಮಾಡಿಕೊಟ್ಟರು. ಇನ್ನೂ ಕಟ್ಟದ ಕಟ್ಟಡ, ಇನ್ನೂ ತೋಡದ ಈಜುಕೊಳ, ಸ್ಪಂಜಿನ ಮರ, ಮುಖವಿಲ್ಲದ ಬಿಳಿ ಮನುಷ್ಯರು, ಅವರ ಪಕ್ಕ ಒಂದು ನಾಯಿ. ನಾಯಿ ಇದ್ದರೆ ಫ್ಲ್ಯಾಟು ಬೇಗ ಮಾರಾಟವಾಗುತ್ತದೆ ಎಂಬುದು ಆ ಕಸುಬಿನವರ ನಂಬಿಕೆ. ಆಮೇಲೆ ಎಲ್ಲವೂ ಕಂಪ್ಯೂಟರಿನ ಪರದೆಗೆ ಹೋಯಿತು, ಅಂಗಡಿ ಮುಚ್ಚಿತು. ನಾಲ್ಕು ವರ್ಷ ಬಾಗಿಲು, ಕಿಟಕಿ, ಒಮ್ಮೊಮ್ಮೆ ಹಕ್ಕಿಗೂಡು ರಿಪೇರಿ ಮಾಡಿಕೊಂಡಿದ್ದವರನ್ನು ಹುಡುಕಿ ತಂದದ್ದು ಕಲಾವಿದೆ.

"ಅಲ್ಲಿ ಇಲ್ಲದ್ದನ್ನ ಮಾಡ್ತಿದ್ದೆ. ಇಲ್ಲಿ ಇರೋದನ್ನ ಮಾಡು ಅಂದ್ರು. ಖುಷಿಯಾಯ್ತು. ಆಮೇಲೆ ಇರೋದನ್ನ ತೆಗಿ ಅಂದ್ರು. ಸರಿ, ಕೆಲಸ."

ಹತ್ತು ಗಂಟೆಗೆ ಬಾಗಿಲು ತೆರೆಯುತ್ತದೆ. ಬರುವವರಲ್ಲಿ ಕಲಾಸಕ್ತರು ಕಾಲುಪಾಲು ಇರಬಹುದು. ಮಿಕ್ಕವರು ಮೇಜಿನ ಸುತ್ತ ಬೇಗ ಬೇಗ ನಡೆದು, ಒಂದು ಕಡೆ ನಿಂತು, ಬಗ್ಗಿ, ತಮ್ಮ ಗಲ್ಲಿ ಹುಡುಕಿ, ಮನೆ ಎಣಿಸಿ, ನೆಟ್ಟಗಾಗಿ, ಮತ್ತೇನನ್ನೂ ನೋಡದೆ ಹೊರಟುಹೋಗುತ್ತಾರೆ. ಕಣ್ಣು ಮಂಜಾದವರು ಕಿಂಡಿಯ ಕಡೆ ನೋಡಿ ಕೇಳುತ್ತಾರೆ: "ಅಣ್ಣಾ, ನಾವಿನ್ನೂ ಇದೀವಾ?"

"ಇದೀರ ಅಮ್ಮ, ಇದೀರ," ಎಂದು ಮೇಜಿನಡಿಯಿಂದ ಉತ್ತರ ಬರುತ್ತದೆ.

ಒಬ್ಬರು ಟ್ಯಾಂಕು ಸರಿಯಾದ ಜಾಗದಲ್ಲಿಲ್ಲ ಎಂದು ಅರ್ಜಿಯನ್ನೇ ಬರೆದು ತಂದಿದ್ದರು. ಮೇಜಿನ ಮೇಲಿನ ಒಂದು ನೂಲು ಎಂದರೆ ತಾರಸಿಯ ಮೇಲೆ ಎರಡಡಿ. ನೂಲಣ್ಣ ಮನೆಗೇ ಹೋಗಿ ಟೇಪು ಹಿಡಿದು ನೋಡಿ, ತಪ್ಪು ಒಪ್ಪಿಕೊಂಡು, ಮಂಗಳವಾರ ಸರಿಪಡಿಸಿದರು. ಇನ್ನೊಬ್ಬರು ಪಿಸುಮಾತಿನಲ್ಲಿ, "ನಮ್ಮ ಪಕ್ಕದ್ಮನೆಗೆ ಒಂದು ವಾರ ಬೂದಿ ಇಟ್ಟು ನೋಡೋಣ್ವಾ? ಸುಮ್ನೆ, ತಮಾಷೆಗೆ," ಎಂದಿದ್ದರು. ಆ ಮಾತಿಗೆ ನೂಲಣ್ಣ ನಗಲಿಲ್ಲ. ನಗದೇ ಇರಲು ಕಾರಣವಿದೆ. ಆ ಕಾರಣವನ್ನು ಹೇಳುವ ಮೊದಲು ಒಂದು ಕರಾರು ಹಾಕುತ್ತಾರೆ: "ಇದನ್ನ ಬಿಟ್ಟು ಬರಿಯೋದಾದ್ರೆ ನನ್ನ ಬಗ್ಗೆ ಬರೀಲೇಬೇಡಿ."

ಕಂಪನಿಯಲ್ಲಿ ಜಾಗ ಕೊಳ್ಳುವ ವಿಭಾಗಗಳು ಹನ್ನೊಂದು. ಹನ್ನೊಂದಕ್ಕೂ ಬೇರೆ ಬೇರೆ ನಕ್ಷೆ. ಒಂದರದ್ದು ಇನ್ನೊಂದಕ್ಕೆ ತಾಳೆಯಾಗುವುದಿಲ್ಲ. ಎಲ್ಲ ವಿಭಾಗಗಳ ಖರೀದಿಯೂ ಒಂದೇ ಹಾಳೆಯ ಮೇಲೆ ಬರುವುದು ಕಲಾವಿದೆಯ ಷರತ್ತಿನ ದೆಸೆಯಿಂದ, ಅದೂ ಈ ಹಾಲ್‌ಗೆ ಮಾತ್ರ. ಇದನ್ನು ಮೊದಲು ಗಮನಿಸಿದವರು ಕಂಪನಿಯ ನಕ್ಷೆ ಸಾಹೇಬರು. ಈಗ ತಿಂಗಳಿಗೊಮ್ಮೆ, ಗುರುವಾರ, ಬಾಗಿಲು ತೆರೆಯುವ ಒಂದು ಗಂಟೆ ಮೊದಲು ಬರುತ್ತಾರೆ. ಏಣಿ ಹತ್ತಿ ಮೇಜಿನ ಫೋಟೊ ತೆಗೆದುಕೊಂಡು ಹೋಗುತ್ತಾರೆ. ಆ ಫೋಟೊ ನೋಡಿ ಕಂಪನಿಯ ದೊಡ್ಡ ನಕ್ಷೆ ತಯಾರಾಗುತ್ತದೆ. ಕಂಪನಿಯನ್ನು ಟೀಕಿಸುವ ಕಲಾಕೃತಿ ಕಂಪನಿಗೆ ದಾರಿ ತೋರಿಸುತ್ತಿದೆ ಎಂಬ ಸಂಗತಿ ಕರಪತ್ರದಲ್ಲಿ ಇಲ್ಲ.

ಕಳೆದ ವರ್ಷ ಒಂದು ಬೆಳಗ್ಗೆ ಆರನೇ ಕಿಂಡಿಯ ಮುಚ್ಚಳ ಥಂಡಿಗೆ ಉಬ್ಬಿ ಕಚ್ಚಿಕೊಂಡಿತ್ತು. ನೂಲಣ್ಣ ಏಳನೇ ಕಿಂಡಿಯಿಂದ ತಲೆ ಎತ್ತಿದರು. ಪಟ್ಟಿಯಲ್ಲಿ ಒಂದು ಗಲ್ಲಿಯ ಮೂರನೇ ಮನೆ ಎಂದಿತ್ತು; ಎಣಿಕೆ ಯಾವಾಗಲೂ ದೊಡ್ಡ ರಸ್ತೆಯ ಕಡೆಯಿಂದ. ಆರನೇ ಕಿಂಡಿಯಲ್ಲಿ ನಿಂತರೆ ದೊಡ್ಡ ರಸ್ತೆ ಹತ್ತಿರ, ಏಳರಲ್ಲಿ ನಿಂತರೆ ದೂರ. ಕೈ ಅಭ್ಯಾಸದಂತೆ ಹತ್ತಿರದ ತುದಿಯಿಂದ ಎಣಿಸಿತು. ಒಂದು, ಎರಡು, ಮೂರು. ಮೇಲಿಂದ ನೋಡುವವರಿಗೆ ಈ ತಪ್ಪು ಆಗುವುದು ಸಾಧ್ಯವೇ ಇಲ್ಲ. ಊರಿನ ಅಡಿಯಿಂದ ತಲೆ ಎತ್ತುವವರಿಗೆ ಮಾತ್ರ ಆಗುವ ತಪ್ಪು.

ಬೂದಿ ಬಿದ್ದದ್ದು ಗಡಿಯಾರ ರಿಪೇರಿಯವರ ಮನೆಗೆ. ರಿಪೇರಿಯವರು ಪ್ರದರ್ಶನ ತೆರೆಯುವ ಒಂದು ತಿಂಗಳು ಮೊದಲೇ ತೀರಿಕೊಂಡಿದ್ದರು. ಆದರೆ ಅವರ ಮನೆಯ ಸದ್ದು ಅಷ್ಟರಲ್ಲಿ ಮುದ್ರಣವಾಗಿತ್ತು. ಅದರಲ್ಲಿ ಮುಖ್ಯವಾದದ್ದು ಅವರ ಕೆಮ್ಮು. ಹತ್ತೂ ಇಪ್ಪತ್ತಕ್ಕೆ ಎರಡು ಸಲ, ಗಂಟಲು ಸರಿಮಾಡಿಕೊಂಡು ಮೂರನೇ ಸಲ. ಅವರ ಹೆಂಡತಿ ಹದಿನೈದು ದಿನಕ್ಕೊಮ್ಮೆ ಬಂದು, ಮೇಜಿನ ಆ ಬದಿಗೆ ಸ್ಟೂಲು ಹಾಕಿಸಿಕೊಂಡು, ಅದನ್ನು ಕೇಳಿ, "ಔಷಧಿ ತಗೊಳ್ಳಿ ಅಂದ್ರೆ ಕೇಳಲ್ಲ," ಎಂದು ಗೊಣಗಿಕೊಂಡು ಹೋಗುತ್ತಿದ್ದರು.

ಆ ಸಲ ಬಂದವರು ಹತ್ತೂವರೆ ತನಕ ಕಾದರು. ಆಮೇಲೆ ಬಗ್ಗಿ ಮೇಜಿನಡಿಗೆ ಕೇಳಿದರು: "ಅಪ್ಪಾ, ನಮ್ಮನೆಯವರು ಕೆಮ್ತಿಲ್ಲ."

"ಹಲಗೆ ಮೇಲೆ ಮಲಗಿದ್ದೆ. ಅದರ ಮೇಲೇ ಗೂಡಿನ ಕಡೆ ಉರುಳ್ಕೊಂಡು ಹೋದೆ," ಎನ್ನುತ್ತಾರೆ ನೂಲಣ್ಣ. ಗೂಡಿನಿಂದ ಮನೆ ತಂದು, ಕೂರಿಸಿ, ತಂತಿ ಸೇರಿಸಲು ಅವರಿಗೆ ಹಿಡಿದದ್ದು ಕಾಲು ಗಂಟೆ. ಆದರೆ ಬೂದಿ ಬಿದ್ದು ಅಂದಿಗೆ ಒಂಬತ್ತು ದಿನ. ನಡುವೆ ನಕ್ಷೆ ಸಾಹೇಬರು ಫೋಟೊ ತೆಗೆಯುವ ಗುರುವಾರ ಕಳೆದಿತ್ತು. ಮುಂದಿನ ವಾರ ಆ ಹೆಂಗಸಿಗೆ ಕಾಗದ ಬಂತು: ತಾವು ಕಂಪನಿಯ ಸ್ವತ್ತಿನಲ್ಲಿ ವಾಸವಾಗಿದ್ದೀರಿ, ತೆರವು ಮಾಡಿ. ಅವರು ಮನೆಯ ಪತ್ರಗಳ ಚೀಲ ಹಿಡಿದು ನಾಲ್ಕು ಕೌಂಟರ್ ಅಲೆದರು. ನೂಲಣ್ಣ ಜೊತೆಗೆ ಹೋಗಿ, ತಪ್ಪು ತನ್ನದೆಂದು ಪ್ರತಿ ಕೌಂಟರಿನಲ್ಲೂ ಹೇಳಿದರು. ಪ್ರತಿ ಕೌಂಟರಿನಲ್ಲೂ ಒಂದೇ ಉತ್ತರ: ಮಾದರಿಯಲ್ಲಿ ಪರಿಶೀಲಿಸಲಾಗಿದೆ, ಮಾಹಿತಿ ಸರಿಯಾಗಿದೆ. ಮಾದರಿ ಮಾಡುವವನೇ ತಾನು ಎಂದರೆ, ಅದಕ್ಕೆ ಬೇರೆ ನಮೂನೆ ಅರ್ಜಿ ಇದೆ ಎಂದರು. ಐದನೇ ವಾರ ಆ ಹೆಂಗಸು, "ಸಾಕಪ್ಪ, ಮಂಡಿ ನೋವು," ಎಂದು ಸಹಿ ಹಾಕಿ ಮಗಳ ಊರಿಗೆ ಹೋದರು. ಮನೆ ಆಮೇಲೆ ಕ್ರಮಬದ್ಧವಾಗಿ ಪಟ್ಟಿಯಲ್ಲಿ ಬಂತು. ನೂಲಣ್ಣ ಅದನ್ನು ಎರಡನೇ ಸಲ ತೆಗೆದರು.

ಸ್ಪೀಕರ್ ತೆಗೆಯಲು ಮಾತ್ರ ಕೈ ಬರಲಿಲ್ಲ. ಹಾಗಾಗಿ ಮೇಜಿನ ಆ ಮೂಲೆಯಲ್ಲಿ ಹತ್ತೂ ಇಪ್ಪತ್ತಕ್ಕೆ ಬೂದು ಗಾಜಿನ ಒಂದು ಕಟ್ಟಡ ಎರಡು ಸಲ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಮೂರನೇ ಸಲ ಕೆಮ್ಮುತ್ತದೆ. ವಿಮರ್ಶಕರೊಬ್ಬರು ಅದನ್ನು ಇಡೀ ಪ್ರದರ್ಶನದ ಅತ್ಯಂತ ದಿಟ್ಟ ಕಲ್ಪನೆ ಎಂದು ಹೊಗಳಿ ಬರೆದರು. ಕಲಾವಿದೆ ಅಲ್ಲಗಳೆದಿಲ್ಲ.

ಇಷ್ಟು ತಿಳಿದರೆ ಈಚೆಗಿನ ಪಟ್ಟಿಯೊಂದು ನೂಲಣ್ಣನನ್ನು ಮೊಳೆಯ ಮುಂದೆ ಅರ್ಧ ಗಂಟೆ ಯಾಕೆ ನಿಲ್ಲಿಸಿತು ಎಂಬುದು ಅರ್ಥವಾಗುತ್ತದೆ. ಅಂದು ಸಂಜೆ ಮನೆಗೆ ಹೊರಡುವಾಗಲೇ ಅವರು ಮರುದಿನದ ಪಟ್ಟಿ ನೋಡಿದರು; ಅದರಲ್ಲಿದ್ದದ್ದು ಅವರ ಅಕ್ಕನ ಗಲ್ಲಿ. ಹನ್ನೆರಡು ಮನೆ, ಹನ್ನೆರಡೂ. ಎಡಸಾಲಿನ ಐದನೆಯದು ಅಕ್ಕನದು. ಗಂಡ ಕಟ್ಟಿಸಿ ಬಿಟ್ಟುಹೋದದ್ದು. ಮಹಡಿ ಮೇಲಿನ ಕೋಣೆಯಲ್ಲಿ ನೂಲಣ್ಣ ಹದಿನೇಳು ವರ್ಷದಿಂದ ಇದ್ದಾರೆ. ಅಕ್ಕ ಅರವತ್ತೆರಡರ ಹೆಂಗಸು, ಟೈಲರ್ ಅಂಗಡಿಗಳಿಗೆ ಅಂಗಿಯ ಕಾಜಾ ಹೊಲಿದುಕೊಡುತ್ತಾರೆ, ದಿನಕ್ಕೆ ನೂರೈವತ್ತು. ಮೇಜಿನಡಿಯಲ್ಲಿ ಅವರ ಮನೆಗೂ ಸ್ಪೀಕರ್ ಇದೆ. ಎಂಟು ಗಂಟೆಗೆ ಸರಿಯಾಗಿ ಅದು, "ಏಯ್, ತಿಂಡಿ ಆರ್ತಾ ಇದೆ ಬಾರೋ!" ಎಂದು ಕೂಗುತ್ತದೆ. ಹತ್ತೊಂಬತ್ತು ತಿಂಗಳಿಂದ ದಿನವೂ ಕೂಗಿಸಿಕೊಂಡರೂ, ಹಲಗೆಯ ಮೇಲೆ ಮಲಗಿದವರು ಪ್ರತಿ ಸಲವೂ, "ಬಂದೆ," ಎನ್ನುತ್ತಾರೆ.

ಅಂದಿನ ಸಂಜೆಯ ಮಾತುಕತೆಯನ್ನು ಅಕ್ಕ ಎರಡೂ ದನಿಯಲ್ಲಿ ತಾವೇ ನಟಿಸಿ ತೋರಿಸುತ್ತಾರೆ.

"ಏನೋ, ನಿನ್ನ ಪಟ್ಟೀಲಿ ನಮ್ಮನೆ ಬಂದಿದೆಯಂತಲ್ಲ?"

"ಬಂದಿದೆ ಅಕ್ಕ."

"ನಾನು ಸಹಿ ಮಾಡಿಲ್ಲ."

"ಗೊತ್ತು. ಹನ್ನೊಂದು ಮನೆಯವರು ಮಾಡಿದಾರೆ. ಹನ್ನೆರಡನೆಯೋರು ಮಾಡದೆ ಎಲ್ಲಿಗೆ ಹೋಗ್ತಾರೆ ಅಂತ ಸೇರಿಸಿ ಬರೆದಿದಾರೆ."

"ಯಾರು ಬರೆದದ್ದು?"

"ಯಾರೂ ಅಲ್ಲ ಅಕ್ಕ. ಪಟ್ಟಿ ಬರುತ್ತೆ, ಅಷ್ಟೆ."

"ನೀನು ಗಾಜು ಇಟ್ಟೆ, ಆ ಏಣಿಯವನು ಫೋಟೊ ಹಿಡಿದ. ಮುಗೀತಲ್ಲ ಕತೆ? ಗಡಿಯಾರದೋರ ಮನೆ ಆದ ಹಾಗೆ?"

"ಹ್ಞೂಂ."

"ಹಾಗಾದ್ರೆ ನನ್ನನ್ನ ಎಬ್ಬಿಸೋನು ಕಂಪನಿ ಅಲ್ಲ, ನೀನು." ಇಲ್ಲಿ ಅಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿ ಕನ್ನಡಕ ತೆಗೆಯುತ್ತಾರೆ. "ಇಡೋದಾದ್ರೆ ಇಡಪ್ಪ. ನಾಳೆಯಿಂದ ತಿಂಡೀನೂ ಆ ಗಾಜಿನೊಳಗೇ ಮಾಡ್ಕೋ."

ಮರುದಿನ ಬೆಳಗ್ಗೆ ನೂಲಣ್ಣ ಹನ್ನೊಂದು ಮನೆ ತೆಗೆದು ಹನ್ನೊಂದು ಬೂದಿ ಇಟ್ಟರು. ಹನ್ನೆರಡನೆಯದನ್ನು ಮುಟ್ಟಲಿಲ್ಲ. ಹತ್ತು ಗಂಟೆಗೆ ಮೇಡಂ ಪಟ್ಟಿ ಹಿಡಿದು ತಾಳೆ ನೋಡುತ್ತಾ ಬಂದರು. ನಲವತ್ತರ ಹೆಂಗಸು, ಕಲೆಯ ಇತಿಹಾಸ ಓದಿದವರು, ಸದ್ಯ ಬಹುಪಾಲು ಹೊತ್ತು ಶೌಚಾಲಯದ ನಲ್ಲಿಯ ಬಗ್ಗೆ ಪತ್ರ ಬರೆಯುತ್ತಾರೆ.

"ನೂಲಣ್ಣ, ಒಂದು ಬಾಕಿ ಇದೆ."

"ಬಾಕಿ ಅಲ್ಲ ಮೇಡಂ, ಅದು ಇದೆ."

"ಪಟ್ಟೀಲಿದೆಯಲ್ಲ?"

"ಪಟ್ಟೀಲಿದೆ. ಊರಲ್ಲೂ ಇದೆ. ಸಹಿ ಆಗಿಲ್ಲ. ಇದ್ದದ್ದನ್ನ ಇಲ್ಲ ಅಂತ ಒಂದ್ಸಲ ಮಾಡಿದೀನಿ. ಇನ್ನೊಂದ್ಸಲ ಆಗಲ್ಲ."

ಪಟ್ಟಿ ತಪ್ಪಿಸಿದರೆ ಕೆಲಸ ಬಿಡಬೇಕೆಂದು ಕರಾರಿನಲ್ಲಿದೆ. ಮೇಡಂ ಅದನ್ನು ನೆನಪಿಸಿದರು. ನೂಲಣ್ಣ ಹಣೆಯ ದೀಪ ಬಿಚ್ಚಿ ಮೇಜಿನ ಅಂಚಿಗಿಟ್ಟರು. ಮೇಡಂ ಅದನ್ನು ತೆಗೆದುಕೊಳ್ಳಲೂ ಇಲ್ಲ, ಹಿಂದಿರುಗಿಸಲೂ ಇಲ್ಲ. ಇನ್ಯಾವುದೋ ಊರಿನಲ್ಲಿ ಇನ್ಯಾವುದೋ ಮೇಜು ಮಾಡಿಸುತ್ತಿರುವ ಕಲಾವಿದೆಗೆ ಸಂದೇಶ ಕಳಿಸಿದರು. ಗಂಟೆಯೊಳಗೆ ಉತ್ತರ ಬಂತು. ಕಲಾವಿದೆಗೆ ಹಿಡಿಸಲಾರದಷ್ಟು ಖುಷಿ. ಇದು ಅದ್ಭುತವಾದ ಉದ್ದೇಶಪೂರ್ವಕ ದೋಷ, ಕೃತಿಯೊಳಗಿನಿಂದಲೇ ಎದ್ದ ಪ್ರತಿರೋಧ. ಆ ಮನೆಯ ಮೇಲೆ ತಕ್ಷಣ ಒಂದು ಕೆಂಪು ದೀಪ ಬಿಡಿ, ಪಕ್ಕದಲ್ಲಿ 'ದೋಷ' ಎಂದು ಫಲಕ ಹಾಕಿ, ಗುರುವಾರದೊಳಗೆ ಫೋಟೊ ಕಳಿಸಿ.

ಫಲಕದ ಮಾತು ಕೇಳಿ ನೂಲಣ್ಣ ಪಟ್ಟಿ ನೋಡಿದಾಗಲೂ ಆಗದಷ್ಟು ಗಾಬರಿಯಾದರು. "ಗುರುವಾರ ನಕ್ಷೆ ಸಾಹೇಬ್ರು ಬರ್ತಾರೆ ಮೇಡಂ. ದೋಷ ಅಂತ ನಾವೇ ಬರೆದು ದೀಪ ಹಾಕಿದ್ರೆ ಅವರು ಅದನ್ನ ಸರಿಮಾಡ್ಕೋತಾರೆ. ಒಂದು ಚೀಟಿಗೆ ಮನೆ ಹೋಗುತ್ತೆ. ಅದು ದೋಷ ಅಲ್ಲ. ಇಡೀ ಗಲ್ಲೀಲಿ ಸರಿಯಾಗಿರೋದು ಅದೊಂದೇ."

ಮೇಡಂ ಕೋಣೆಗೆ ಹೋದರು. ಸಂಜೆ ಕಲಾವಿದೆಗೆ ಹೋದ ಪತ್ರದಲ್ಲಿ, ಪ್ರಿಂಟರ್ ಕೆಟ್ಟಿದೆ, ಕೆಂಪು ಬಲ್ಬು ಸದ್ಯ ಅಂಗಡಿಗಳಲ್ಲಿ ಸಿಗುತ್ತಿಲ್ಲ, ಸೋಮವಾರದ ಹೊತ್ತಿಗೆ ಖಂಡಿತ ಎಂದಿತ್ತು. ಪ್ರಿಂಟರ್ ಕೆಟ್ಟಿರಲಿಲ್ಲ, ಮರುದಿನದ ಪಟ್ಟಿ ಅದರಲ್ಲೇ ಬಂದು ಮೊಳೆಗೆ ಸಿಕ್ಕಿತು. ಹಣೆಯ ದೀಪ ಇಟ್ಟಲ್ಲೇ ಇತ್ತು. ನೂಲಣ್ಣ ಕಟ್ಟಿಕೊಂಡರು.

ಗುರುವಾರ ಒಂಬತ್ತಕ್ಕೆ ನಕ್ಷೆ ಸಾಹೇಬರು ಬಂದರು. ಮೃದು ಮಾತಿನ ಮನುಷ್ಯ; ಮೇಜಿನ ಹತ್ತಿರ ಬರುವ ಮುಂಚೆ ಶೂ ಬಿಚ್ಚುತ್ತಾರೆ, ಧೂಳಾದೀತೆಂದು. ಏಣಿಯ ಮೇಲಿಂದ ಒಂದೊಂದೇ ಬಡಾವಣೆಯ ಫೋಟೊ ತೆಗೆಯುತ್ತಾ ಬಂದವರು ಅಕ್ಕನ ಗಲ್ಲಿಯ ಮೇಲೆ ನಿಂತರು. ನೂಲಣ್ಣ ಕೆಳಗೆ, ಏಳನೇ ಕಿಂಡಿಯಲ್ಲಿ, ಎದೆಮಟ್ಟ. ಬೂದು ಗಾಜುಗಳು ಗುಂಯ್‌ಗುಡುತ್ತಿದ್ದವು. ಗೋಡೆಯ ಮೇಲೆ ಒಂದು ಕುರ್ಚಿ ತಿರುಗಿತು.

"ಇಲ್ಲೊಂದು ಮನೆ ಇದೆಯಲ್ಲ," ಎಂದರು ಸಾಹೇಬರು.

"ಇದೆ ಸಾರ್."

"ನಮ್ಮ ಪಟ್ಟೀಲಿ ಹನ್ನೆರಡು ಅಂತಿದೆ."

"ಅಲ್ಲಿ ಆಗಿರೋದು ಹನ್ನೊಂದೇ ಸಾರ್."

ಸಾಹೇಬರು ಕೈಯ ಹಾಳೆ ನೋಡಿದರು, ಮೇಜು ನೋಡಿದರು, ಮತ್ತೆ ಹಾಳೆ ನೋಡಿದರು. "ಎಷ್ಟು ಹೊತ್ತು ನೋಡಿದ್ರೋ ಗೊತ್ತಿಲ್ಲ. ನಂಗೆ ನನ್ನ ಎದೆ ಬಡ್ಕೊಳ್ಳೋದು ಸ್ಪೀಕರಿಂದ ಬರ್ತಿದೆ ಅನ್ನಿಸ್ತು," ಎನ್ನುತ್ತಾರೆ ನೂಲಣ್ಣ. ಕೊನೆಗೆ ಸಾಹೇಬರು ಕಿಸೆಯಿಂದ ಪೆನ್ಸಿಲ್ ತೆಗೆದರು.

"ಹಾಗಾದ್ರೆ ಪಟ್ಟಿ ತಪ್ಪಿರಬೇಕು," ಎಂದು ಹಾಳೆಯ ಮೇಲೆ ಒಂದು ಗೆರೆ ಎಳೆದರು. "ನಿಮ್ಮ ಟೇಬಲ್ ತಪ್ಪಲ್ಲ. ನಮ್ಮ ಆಫೀಸಲ್ಲಿ ಇದೊಂದನ್ನೇ ನಂಬೋದು." ಫೋಟೊ ತೆಗೆದು, ಶೂ ಹಾಕಿಕೊಂಡು ಹೊರಟುಹೋದರು.

ಗೆದ್ದಿರಿ ಎಂದರೆ ನೂಲಣ್ಣ ಒಪ್ಪುವುದಿಲ್ಲ. "ಗೆಲ್ಲೋದೇನು ಬಂತು? ಮೇಜು ಸರಿಯಾಗಿದೆ. ಅಷ್ಟೇ ನನ್ನ ಕೈಲಿರೋದು. ಗಡಿಯಾರದಮ್ಮನ ಮನೆಗೂ ಆವತ್ತು ಇಷ್ಟೇ ಬೇಕಿತ್ತು, ಸರಿಯಾಗಿ ಎಣಿಸೋ ಒಬ್ಬ."

ಆಸೆ ಏನಾದರೂ ಇದೆಯೇ ಎಂದರೆ ಚಿಮಟವನ್ನು ಬಟ್ಟೆಯಿಂದ ಒರೆಸುತ್ತಾ ಯೋಚಿಸುತ್ತಾರೆ. "ಒಂದಿನ ಪಟ್ಟಿ ಬರಬಾರದು. ಒಂದೇ ಒಂದಿನ. ಆವತ್ತು ಟಿಕೆಟ್ ತಗೊಂಡು ಜನಗಳ ಜೊತೆ ಬಂದು ಈ ಊರನ್ನ ಮೇಲಿಂದ ನೋಡಬೇಕು. ಅಕ್ಕನ್ನೂ ಕರ್ಕೊಂಡು ಬರ್ತೀನಿ. ಅವಳು ಬಂದ್ರೆ ತಪ್ಪು ಹುಡುಕ್ತಾಳೆ, ಹುಡುಕ್ಲಿ."

ಈ ತಿಂಗಳ ಹದಿನಾಲ್ಕರಂದು ಕಂಪನಿಯ ಯಂತ್ರಗಳು ಆ ಗಲ್ಲಿಗೆ ಬಂದವು. ಮೂರು ದಿನದಲ್ಲಿ ಹನ್ನೊಂದು ಮನೆ ಕೆಡವಿ, ನೆಲ ಮಟ್ಟ ಮಾಡಿ, ಸುತ್ತ ತಗಡು ನಿಲ್ಲಿಸಿದವು. ಎಡಸಾಲಿನ ಐದನೇ ಮನೆ ತಮ್ಮ ಸ್ವತ್ತಲ್ಲವೆಂದು ಕಂಪನಿ ಮೊಹರು ಹಾಕಿದ ಪತ್ರ ಕೊಟ್ಟಿದೆ. ಅದನ್ನು ಕೆಡವಿಲ್ಲ. ಅಕ್ಕ, ತಮ್ಮ ಅದರಲ್ಲಿ ವಾಸವಾಗಿದ್ದಾರೆ.